ಸೆಲ್ಮರ್ ಕ್ವಾಮೆಯ ಮೂರನೆಯ ‘ಬೇಡ’

ಟೋರ್‌ವಿಕ್ ಟೌನ್‌ಶಿಪ್ಪಿನಲ್ಲಿ ಯಾರ ಮನೆಗೆ ಹೋದರೂ ಕಾಫಿ ಕುಡಿಯುತ್ತೀರಾ ಎಂದು ಕೇಳುತ್ತಾರೆ. ಬೇಡ ಎನ್ನಬೇಕು. ಮತ್ತೆ ಕೇಳುತ್ತಾರೆ. ಅಯ್ಯೋ ಬೇಡಪ್ಪಾ, ಈಗಷ್ಟೇ ಕುಡಿದು ಬಂದೆ ಎನ್ನಬೇಕು. ಮೂರನೆಯ ಸಲ ಕೇಳಿದಾಗ ಮಾತ್ರ, ನಿಮಗೆ ತೊಂದರೆ ಇಲ್ಲವೆಂದಾದರೆ ಅರ್ಧ ಲೋಟ ಕೊಡಿ ಎಂದು ನಿಟ್ಟುಸಿರುಬಿಟ್ಟು, ಎರಡು ತುಂಬು ಲೋಟ ಕುಡಿದು ಏಳಬೇಕು. ಮೊದಲ ಸಲಕ್ಕೇ ಹೂಂ ಎಂದವನನ್ನು ಹಸಿದುಬಂದವನೆಂದು ಆಡಿಕೊಳ್ಳುತ್ತಾರೆ. ಮೂರನೆಯ ಸಲವೂ ಬೇಡ ಎಂದವನು ಆ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಮುತ್ತಜ್ಜಂದಿರು ನಾರ್ವೆಯಿಂದ ಮಿನೆಸೋಟಾಕ್ಕೆ ಹಡಗಿನಲ್ಲಿ ಬರುವಾಗ ಏನೇನೋ ಬಿಟ್ಟು ಬಂದರಂತೆ, ಇದೊಂದನ್ನು ಮಾತ್ರ ಜೋಪಾನವಾಗಿ ತಂದರು.

ಸೆಲ್ಮರ್ ಕ್ವಾಮೆ ಎಂಬ ರೈತ ಅಲ್ಲಿನ ಆಡಳಿತ ಮಂಡಳಿಯಲ್ಲಿ ಇಪ್ಪತ್ತಾರು ವರ್ಷ ಕುಳಿತದ್ದು ಈ ಕಾಫಿಯ ನಿಯಮದ ದೆಸೆಯಿಂದ.

ಅವನು ಕುರ್ಚಿಗೆ ಆಸೆಪಟ್ಟು ಹೋದವನಲ್ಲ. ಆಗ ಅವನಿಗೆ ಹಾಲು ಕರೆಯುವ ಹಸುಗಳಿದ್ದವು, ಮೆಕ್ಕೆಜೋಳ ಮತ್ತು ಸೋಯಾ ಬೆಳೆಯುವ ಹೊಲವಿತ್ತು, ಒಂದು ಸಿಟ್ಟೂ ಇತ್ತು. ಅವನ ಹೊಲದ ಮೂಲೆಯಲ್ಲಿ ರಸ್ತೆಯಡಿಯ ಮೋರಿ ಕಟ್ಟಿಕೊಂಡು, ವಸಂತ ಬಂದರೆ ಸಾಕು, ಕೊಟ್ಟಿಗೆಯ ಅಂಗಳ ಕೆರೆಯಾಗುತ್ತಿತ್ತು. ಮಾರ್ಚ್ ತಿಂಗಳ ವಾರ್ಷಿಕ ಸಭೆಗೆ ಹೋಗಿ, ಎದ್ದು ನಿಂತು, ಕೆಂಪಗಾಗಿ, ಆ ಮೋರಿಯ ವಿಷಯ ಹೇಳಿದ. ದೂರು ಹೇಳಿದವನನ್ನೇ ಹಿಡಿದು ಕುರ್ಚಿಯಲ್ಲಿ ಕೂರಿಸುವುದು ಟೋರ್‌ವಿಕ್ಕಿನ ಇನ್ನೊಂದು ಪದ್ಧತಿ. ಹಾಗೆ ಮಾಡಿದರೆ ಮುಂದಿನ ವರ್ಷ ದೂರುಗಳು ಕಡಿಮೆಯಾಗುತ್ತವೆ. ನೀನೇ ಸದಸ್ಯನಾಗಬಾರದೇಕೆ ಎಂದರು. ಬೇಡ ಎಂದ. ಮತ್ತೆ ಕೇಳಿದರು, ಬೇಡ ಎಂದ. ಮೂರನೆಯ ಸಲ ಕೇಳಿದರು. ನಾಲಿಗೆ ತನ್ನಷ್ಟಕ್ಕೆ ತಾನೇ ಅರ್ಧ ಲೋಟ ಕೊಡಿ ಎಂಬ ಧಾಟಿಯಲ್ಲಿ ಹೂಂ ಎಂದುಬಿಟ್ಟಿತು.

ಮೊದಮೊದಲು ಅವನಿಗೆ ಇದು ರುಚಿಸಿತು ಎನ್ನದೆ ವಿಧಿಯಿಲ್ಲ. ಮೂವರ ಮಂಡಳಿ, ಒಂದಿಷ್ಟು ಜಲ್ಲಿರಸ್ತೆ, ಮೋರಿಗಳು, ಚಳಿಗಾಲದ ಹಿಮ, ರಸ್ತೆಬದಿಯ ಕಳೆ. ಅಷ್ಟೇ ರಾಜ್ಯಭಾರ. ಆದರೂ ಸೆಲ್ಮರ್ ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವುದನ್ನು ಕಲಿತ. ಪಿಕಪ್ಪಿನ ನೆತ್ತಿಗೆ ಮಿನುಗುವ ಹಳದಿ ದೀಪ ಹಾಕಿಸಿದ. ಹಸುಗಳ ಮುಂದೆ ಕೂಡ ‘ಟೌನ್‌ಶಿಪ್ಪಿನ ಅಭಿಪ್ರಾಯವೇನೆಂದರೆ’ ಎಂದು ಮಾತು ಶುರುಮಾಡುತ್ತಿದ್ದ ಎಂದು ಹೆಂಡತಿ ಆರ್ಡಿಸ್ ಹೇಳುತ್ತಾಳೆ. ಒಂದು ವರ್ಷ ಅಮಲು ತಲೆಗೆ ಹತ್ತಿ, ಜಿಲ್ಲೆಯಷ್ಟು ದೊಡ್ಡ ಕೌಂಟಿಯ ಚುನಾವಣೆಗೂ ನಿಂತ. ಟೈ ಕಟ್ಟಿಕೊಂಡು ಫೋಟೋ ತೆಗೆಸಿದ. ‘ಸೆಲ್ಮರ್ ಕ್ವಾಮೆ: ನೇರ ಮನುಷ್ಯ’ ಎಂದು ಅಚ್ಚುಹಾಕಿಸಿದ ಮರದ ಗಜಕೋಲುಗಳನ್ನು ಮನೆಮನೆಗೆ ಹಂಚಿದ. ಎದುರಾಳಿ ಹರಾಜು ಕೂಗುವವನು, ಉಸಿರು ತೆಗೆದುಕೊಳ್ಳದೆ ಮಾತಾಡಬಲ್ಲವನು. ಸೆಲ್ಮರ್ ಸೋತ. ಉಳಿದ ಗಜಕೋಲುಗಳನ್ನು ಆರ್ಡಿಸ್ ಟೊಮೆಟೊ ಗಿಡಗಳಿಗೆ ಊರುಗೋಲು ಮಾಡಿದಳು. ಬಹಳ ವರ್ಷಗಳ ತನಕ ಆ ಹಿತ್ತಲಲ್ಲಿ ನೇರ ಮನುಷ್ಯರು ಸಾಲಾಗಿ ವಾಲಿಕೊಂಡು ನಿಂತಿದ್ದರು.

ಕೌಂಟಿಯ ಕನಸು ಹೋಯಿತು, ಟೌನ್‌ಶಿಪ್ ಉಳಿಯಿತು. ಹಸುಗಳನ್ನು ಮಾರಿದ. ಹೊಲವನ್ನು ತಂಗಿಯ ಮಗನಿಗೆ ಗುತ್ತಿಗೆ ಕೊಟ್ಟ. ರಸ್ತೆಗಳನ್ನು ಮಾತ್ರ ಮಾರುವ ಹಾಗಿರಲಿಲ್ಲ, ಗುತ್ತಿಗೆಗೆ ಕೊಡುವ ಹಾಗೂ ಇರಲಿಲ್ಲ.

ಫೋನು ಸರಿಯಾಗಿ ಸಂಜೆಯ ಊಟದ ಹೊತ್ತಿಗೇ ಬರುತ್ತಿತ್ತು, ಆಗ ಸೆಲ್ಮರ್ ಮನೆಯಲ್ಲಿರುತ್ತಾನೆಂಬುದು ಎಲ್ಲರಿಗೂ ಗೊತ್ತಿದ್ದುದರಿಂದ. “ಊಟ ಮಾಡ್ತಿದ್ದೆಯೇನೋ?” ಎಂದು ಕೇಳುವರು. “ಇಲ್ಲ ಇಲ್ಲ, ಹೇಳು” ಎಂದು ಇವನು ಬಾಯಲ್ಲಿದ್ದುದನ್ನು ನುಂಗುವನು. ಜಲ್ಲಿ ತೆಳ್ಳಗಾಗಿದೆ. ಜಲ್ಲಿ ದಪ್ಪಗಾಗಿ ಕಾರು ಜಾರುತ್ತಿದೆ. ಪಕ್ಕದವನ ಮನೆಯ ಮುಂದೆ ಹಿಮ ಮೊದಲು ತೆಗೆದರು, ನನಗೇನೂ ಬೇಜಾರಿಲ್ಲ, ಸುಮ್ಮನೆ ಹೇಳಿದೆ. ಬೀವರುಗಳು ಮತ್ತೆ ಹಳ್ಳಕ್ಕೆ ಅಣೆಕಟ್ಟು ಕಟ್ಟಿವೆ. ಒಬ್ಬಾಕೆ ರಸ್ತೆಯಲ್ಲಿ ಸ್ಕಂಕ್ ಎಂಬ ಗಬ್ಬುನಾತದ ಪ್ರಾಣಿ ಸತ್ತುಬಿದ್ದು ನಾರುತ್ತಿದೆಯೆಂದು ಹೇಳಿ, ಎಷ್ಟು ನಾರುತ್ತಿದೆ ಎಂಬುದನ್ನು ಆಲೂಗಡ್ಡೆ ಆರಿ ತಣ್ಣಗಾಗುವವರೆಗೆ ವರ್ಣಿಸಿದಳು. ಸೆಲ್ಮರ್ ಎದ್ದು ಬೂಟು ಹಾಕಿಕೊಂಡು ಹೋಗುತ್ತಿದ್ದ. ಅವನಿಗೆ ಎಪ್ಪತ್ತು ದಾಟಿತ್ತು. ಸೊಂಟ ಪಿಕಪ್ಪಿನಿಂದ ಇಳಿಯುವಾಗ ಒಂದು ಮಾತು ಹೇಳುತ್ತಿತ್ತು, ಹತ್ತುವಾಗ ಇನ್ನೊಂದು. ಬೆಳಗ್ಗೆ ಮಂಚದ ಅಂಚಿನಲ್ಲಿ ಕುಳಿತು ಎರಡನೆಯ ಕಾಲುಚೀಲವನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತಿರುತ್ತಿದ್ದ.

ಆ ವರ್ಷ ಕ್ರಿಸ್ಮಸ್ ಕಳೆದು, ಮಂಡಳಿಯ ಚುನಾವಣೆ ಹತ್ತಿರ ಬಂದಾಗ ಆರ್ಡಿಸ್ ಪಾತ್ರೆ ಒರೆಸುತ್ತ ಕೇಳಿದಳು.

“ಈ ಸಲ ಬೇಡ ಅಂತೀಯಾ?”

“ಅಂತೀನಿ.”

“ಹೋದ ಸಲಾನೂ ಹಾಗೇ ಹೇಳಿದ್ದೆ.”

“ಹೋದ ಸಲ ಎರಡು ಸಲ ಅಂದೆ. ಮೂರನೇದಕ್ಕೆ ಲೈಲ್ ಅಳೋ ಹಾಗೆ ಆ ಮುಖ ಮಾಡ್ಕೊಂಡು ಕೇಳಿಬಿಟ್ಟ.”

“ಲೈಲ್‌ಗೆ ಇರೋದೇ ಆ ಮುಖ.”

ಆರ್ಡಿಸ್ ಬಟ್ಟೆಯನ್ನು ಕೆಳಗಿಟ್ಟಳು. “ನಂಗೆ ಫ್ಲೋರಿಡಾ ಬೇಡ, ಹೊಸ ಅಡಿಗೆಮನೆ ಬೇಡ. ನೀನು ಕೂತು ಊಟ ಶುರುಮಾಡಿ, ಕೂತೇ ಮುಗಿಸೋದನ್ನ ನೋಡ್ಬೇಕು. ಇಪ್ಪತ್ತಾರು ವರ್ಷದಿಂದ ನಿನ್ನ ಖಾಲಿ ಕುರ್ಚಿ ಜೊತೆ ಊಟ ಮಾಡಿದೀನಿ. ಅದೂ ನಿನಗಿಂತ ಹೆಚ್ಚು ಮಾತಾಡಲ್ಲ, ನಿಜ. ಆದ್ರೂ.”

ಅವಳು ಇಷ್ಟು ಉದ್ದ ಮಾತಾಡಿದ್ದು ಮದುವೆಯಾದ ಮೇಲೆ ಎರಡೋ ಮೂರೋ ಸಲ. ಇದರಲ್ಲಿ ಉಪಚಾರದ ಬೇಡ ಯಾವುದೂ ಇಲ್ಲ ಎಂಬುದು ಸೆಲ್ಮರ್‌ಗೂ ತಿಳಿಯಿತು. ಈ ಸಲವೂ ಜಾರಿದರೆ ಅವಳು ಜಗಳವಾಡುವುದಿಲ್ಲ, ಇನ್ನು ಮುಂದೆ ಕೇಳುವುದೂ ಇಲ್ಲ ಎಂದೂ ತಿಳಿಯಿತು. ಅವನನ್ನು ಹೆದರಿಸಿದ್ದು ಅದು.

ಮೊದಲನೆಯ ಸಲ ಕೇಳಿದವಳು ಟೌನ್‌ಶಿಪ್ಪಿನ ಗುಮಾಸ್ತೆ ಮಾರ್ಲಿಸ್, ಚರ್ಚಿನ ನೆಲಮಾಳಿಗೆಯಲ್ಲಿ, ಪ್ರಾರ್ಥನೆ ಮುಗಿದ ಮೇಲಿನ ಕಾಫಿಗೆ ನಿಂತಾಗ.

“ಸೆಲ್ಮರ್, ಹೆಸರು ಕೊಡೋಕೆ ಈ ವಾರ ಬರ್ತೀಯಾ ತಾನೇ?”

“ಇಲ್ಲ ಮಾರ್ಲಿಸ್. ಈ ಸಲ ಬೇಡ.”

“ಆಯ್ತಾಯ್ತು” ಎಂದು ಅವಳು ನಕ್ಕು, ಅವನು ಬೇಡವೆಂದ ನಿಂಬೆಯ ಸಿಹಿತಿಂಡಿಯ ತುಂಡೊಂದನ್ನು ಅವನ ತಟ್ಟೆಗೆ ಹಾಕಿ ಹೋದಳು.

ಎರಡನೆಯ ಸಲ ಕೇಳಿದವನು ಲೈಲ್ ಬಕೆಡಾಲ್. ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವನು, ಈಗ ಮಂಡಳಿಯಲ್ಲೂ ಪಕ್ಕದ ಕುರ್ಚಿಯವನು. ಧಾನ್ಯದ ಗೋದಾಮಿನ ಆಫೀಸಿನಲ್ಲಿ ಹೀಟರಿಗೆ ಬೆನ್ನು ಕೊಟ್ಟು ನಿಂತಿದ್ದ.

“ನಿಂತ್ಕೊಳಲ್ವಂತೆ?”

“ಇಲ್ಲ ಕಣೋ.”

“ಸೊಂಟಾನಾ?”

“ಸೊಂಟ ಪರವಾಗಿಲ್ಲ.”

“ಆರ್ಡಿಸ್ ಬೈದ್ಲಾ?”

“ಆರ್ಡಿಸ್ ಯಾವತ್ತು ಬೈದಿದಾಳೆ?”

“ಅದೂ ಹೌದು” ಎಂದು ಲೈಲ್ ಬೂಟಿನ ತುದಿಯನ್ನೇ ನೋಡಿದ. “ಬೇರೆ ಯಾರಿದಾರೆ ಮಾರಾಯ? ನೀನಿಲ್ದೆ ನಾನು ಆ ಬೀವರ್‌ಗಳ ಜೊತೆ ಹೇಗೆ ಏಗ್ಲಿ?”

“ಯಾರಾದ್ರೂ ಸಿಕ್ತಾರೆ. ನಂಗೆ ಬೇಡ.”

“ಹೂಂ” ಎಂದ ಲೈಲ್. ಅವನ ಮುಖದಲ್ಲಿ ನೆಮ್ಮದಿ ಕಂಡಿತು. ಎರಡು ಮುಗಿದಿದ್ದವು.

ಮೂರನೆಯದಕ್ಕೆ ಲೈಲ್ ಮತ್ತು ಮಾರ್ಲಿಸ್ ಇಬ್ಬರೂ ಮನೆಗೇ ಬಂದರು, ಕೇಕು ಹಿಡಿದುಕೊಂಡು. ಆರ್ಡಿಸ್ ಕಾಫಿ ಕೊಟ್ಟಳು, ಅಂದರೆ ಮೂರು ಸಲ ಕೇಳಿ ಕೊಟ್ಟಳು. ಚಳಿಯ ಮಾತಾಯಿತು. ಜೋಳದಲ್ಲಿನ ತೇವದ ಮಾತಾಯಿತು. ಯಾರದೋ ಕಟಾವು ಯಂತ್ರಕ್ಕೆ ಬೆಂಕಿ ಬಿದ್ದದ್ದು, ಪಾದ್ರಿಯ ಹೊಸ ಕನ್ನಡಕ, ಯಾವುದನ್ನೂ ಬಿಡಲಿಲ್ಲ. ಆಮೇಲೆ ಲೈಲ್ ಎರಡೂ ಮೊಣಕಾಲು ತಟ್ಟಿಕೊಂಡು “ಸರಿ, ಹಾಗಾದ್ರೆ” ಎಂದ, ಯಾರೂ ಏಳಲಿಲ್ಲ. ಇನ್ನೊಮ್ಮೆ ತಟ್ಟಿ “ಸರಿ, ಹಾಗಾದ್ರೆ” ಎಂದ, ಎದ್ದರು. ಬಾಗಿಲ ಬಳಿ ಕೋಟು ಹಾಕಿಕೊಂಡರು. ಟೋರ್‌ವಿಕ್ಕಿನಲ್ಲಿ ಬಂದ ಕೆಲಸವನ್ನು ಬಾಗಿಲ ಹಿಡಿ ಹಿಡಿದುಕೊಂಡೇ ಹೇಳುವುದು.

“ಹಾಗಾದ್ರೆ ಸೆಲ್ಮರ್” ಎಂದ ಲೈಲ್, ಆ ಮುಖ ಮಾಡಿಕೊಂಡು. “ಇನ್ನೊಂದೇ ಒಂದು ಅವಧಿ.”

ಸೆಲ್ಮರ್‌ನ ನಾಲಿಗೆ ಹಳೆಯ ಜಾಡು ಹಿಡಿದು ಹೊರಟೇಬಿಟ್ಟಿತ್ತು. ಅದನ್ನು ಅರ್ಧದಲ್ಲಿ ಹಿಡಿದು ನಿಲ್ಲಿಸಿದ.

“ಬೇಡ.”

ಲೈಲ್ ಟೋಪಿ ಹಾಕಿಕೊಂಡ, ತೆಗೆದ, ಮತ್ತೆ ಹಾಕಿಕೊಂಡ. ಇದರ ಮುಂದಿನ ಮಾತು ಏನೆಂದು ಅವರ ಅಜ್ಜಂದಿರು ಯಾರಿಗೂ ಹೇಳಿಕೊಟ್ಟಿರಲಿಲ್ಲ. “ಸರಿ, ಹಾಗಾದ್ರೆ” ಎಂದು ಮಾರ್ಲಿಸ್ ಸಣ್ಣ ದನಿಯಲ್ಲಿ ಹೇಳಿ ಹಿಮದೊಳಗೆ ಇಳಿದಳು.

ಸೆಲ್ಮರ್ ಬಾಗಿಲು ಹಾಕಿ ಬಂದು, ಹುಲ್ಲಿನ ಪೆಂಡಿಗಳನ್ನು ಇಡೀ ದಿನ ಎತ್ತಿಹಾಕಿದವನ ಹಾಗೆ ಕುರ್ಚಿಯಲ್ಲಿ ಕುಸಿದ. ಆರ್ಡಿಸ್ ಕೇಕಿನ ದೊಡ್ಡ ತುಂಡೊಂದನ್ನು ಅವನ ಮುಂದಿಟ್ಟಳು.

ಆದರೆ ಕಾರಿನಲ್ಲಿ ಕುಳಿತ ಆ ಇಬ್ಬರು ಆಡಿಕೊಂಡ ಮಾತು ಬೇರೆಯೇ ಇತ್ತು. ಅದು ಸೆಲ್ಮರ್‌ನ ಕಿವಿಗೆ ಬಿದ್ದದ್ದು ಎಲ್ಲ ಮುಗಿದ ಮೇಲೆ. “ಇಪ್ಪತ್ತಾರು ವರ್ಷ ದುಡಿದ ಮನುಷ್ಯ” ಎಂದಿದ್ದಳು ಮಾರ್ಲಿಸ್, “ಬೇರೆಯವರಿಗಿಂತ ಒಂದು ಬೇಡ ಹೆಚ್ಚಿಗೆ ಅಂದ್ರೆ ತಪ್ಪೇನು? ಅವನ ಗೌರವಕ್ಕೆ ತಕ್ಕ ಹಾಗೆ ಕೇಳ್ಬೇಕು. ಊರೆಲ್ಲ ಸೇರಿ ಕೇಳ್ಬೇಕು.” ಲೈಲ್‌ಗೆ ಇದು ಪೂರ್ತಿ ಒಪ್ಪಿಗೆಯಾಯಿತು. ಗಂಟಲು ಸರಿಮಾಡಿಕೊಂಡು ಮಾತಾಡುವ ಚಾಳಿಯ ಫಲವನ್ನು ಸೆಲ್ಮರ್ ಹೀಗೆ ಉಣ್ಣಬೇಕಾಯಿತು.

ಮಾರ್ಚಿನ ಚುನಾವಣೆಗೆ ಯಾರೂ ಹೆಸರು ಕೊಡಲಿಲ್ಲ. ಹಾಗಾದಾಗ ಮತಪತ್ರದ ಖಾಲಿ ಗೆರೆಯ ಮೇಲೆ ಜನ ತಮಗೆ ಬೇಕಾದವರ ಹೆಸರನ್ನು ಬರೆಯಬಹುದು. ಹಳೆಯ ಶಾಲೆಯ ಕಟ್ಟಡವೇ ಟೌನ್ ಹಾಲ್. ಸೆಲ್ಮರ್ ತನ್ನ ಚೀಟಿಯನ್ನು ಖಾಲಿಯಾಗಿಯೇ ಮಡಿಚಿ ಹಾಕಿದ. ಆರ್ಡಿಸ್ ಮಾತ್ರ ಸಾಕಷ್ಟು ಹೊತ್ತು ಬರೆದಳು.

“ಯಾರ ಹೆಸರು ಬರೆದೆ?”

“ರಹಸ್ಯ ಮತದಾನ” ಎಂದಳು ಅವಳು.

ಸಂಜೆ ವಾರ್ಷಿಕ ಸಭೆ. ಮಡಿಚುವ ಕುರ್ಚಿಗಳು ತುಂಬಿದ್ದವು. ಅಷ್ಟು ಜನ ಬಂದದ್ದನ್ನು ಕಂಡಾಗಲೇ ಸೆಲ್ಮರ್‌ಗೆ ಏನೋ ಅನುಮಾನ ಬಂತು. ಮಾರ್ಲಿಸ್ ಎಣಿಸಿ ಎದ್ದು ನಿಂತಳು. ಒಂದು ಚೀಟಿ ಖಾಲಿ. ಒಂದರಲ್ಲಿ ರೊಸಾಲ್ಬಾ ಎಂದಿತ್ತು. ಉಳಿದುವೆಲ್ಲ ಸೆಲ್ಮರ್ ಕ್ವಾಮೆ. ರೊಸಾಲ್ಬಾ ಎಂದರೆ ನಾಲ್ಕೈದು ವರ್ಷದ ಹಿಂದೆ ಟೆಕ್ಸಸ್ಸಿನಿಂದ ಬಂದು, ಪಾಳುಬಿದ್ದ ತೋಟವೊಂದನ್ನು ಕೊಂಡು ಆಡು ಸಾಕಿಕೊಂಡಿದ್ದ ಹೆಂಗಸು; ಕಾಫಿ ಬೇಕೇ ಎಂದರೆ “ಕೊಡಿ, ಸಕ್ಕರೆ ಇದ್ಯಾ?” ಎಂದು ಕೇಳಿ ಊರವರನ್ನು ದಂಗುಬಡಿಸಿದವಳು. ತನ್ನ ಹೆಸರು ಕೇಳಿ ಅವಳು ಹಿಂದಿನ ಸಾಲಿನಲ್ಲಿ ತಲೆಯೆತ್ತಿದಳು.

“ಸೆಲ್ಮರ್” ಎಂದಳು ಮಾರ್ಲಿಸ್, ಮದುವೆಮನೆಯ ನಗು ನಗುತ್ತ. “ಎಲ್ಲರೂ ಇದೀವಲ್ಲ, ಪ್ರಮಾಣವಚನ ಈಗಲೇ ಮುಗಿಸ್ಬಿಡೋಣ್ವಾ? ಬಲಗೈ ಎತ್ತು.”

ಸೆಲ್ಮರ್ ಎದ್ದ. ಗಂಟಲು ಸರಿಮಾಡಿಕೊಳ್ಳಲಿಲ್ಲ. ಗೋಡೆಯ ಪಕ್ಕದಲ್ಲಿ ಆರ್ಡಿಸ್ ದೊಡ್ಡ ಕಾಫಿ ಪಾತ್ರೆಯ ನಲ್ಲಿಯ ಕೆಳಗೆ ಲೋಟ ಹಿಡಿದಿದ್ದಳು. ಅವಳು ಇವನ ಕಡೆ ನೋಡುತ್ತಿರಲಿಲ್ಲ.

“ಬೇಡ” ಎಂದ.

ಸಭೆ ನಕ್ಕಿತು. ಪ್ರೀತಿಯ, ಮೆಚ್ಚುಗೆಯ ನಗು. ಹಳೆಯ ಕಾಲದ ಸೌಜನ್ಯ ಇನ್ನೂ ಉಳಿದಿದೆಯಲ್ಲ ಎಂಬಂಥದು.

“ನಿಜವಾಗ್ಲೂ ಬೇಡ.”

ಇನ್ನೂ ಜೋರಾಗಿ ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು. “ಕೈ ಎತ್ತೋ ಸೆಲ್ಮರ್, ಕಾಫಿ ಆರಿಹೋಗುತ್ತೆ!” ಎಂದು ಹಿಂದಿನಿಂದ ಕೂಗಿದರು.

ಸೆಲ್ಮರ್ ಅವರನ್ನೆಲ್ಲ ನೋಡಿದ. ಇವರಲ್ಲಿ ಯಾರ ಮನೆಯ ಮುಂದಿನ ಮೋರಿ ಎಷ್ಟು ಅಗಲ ಎಂಬುದು ಅವನಿಗೆ ಗೊತ್ತಿತ್ತು. ಇನ್ನೂ ಎಷ್ಟು ಸಲ ಬೇಡ ಎಂದರೂ ಇವರು ನಗುತ್ತಲೇ ಇರುತ್ತಾರೆ ಎಂದು ಹೊಳೆಯಿತು. ಆಗ ಅವನ ಬಾಯಿಂದ ಯೋಚಿಸದ ಮಾತೊಂದು ಬಂತು.

“ನಂಗೆ ಸುಸ್ತಾಗಿದೆ.”

ನಗು ನಿಂತಿತು. ಟೋರ್‌ವಿಕ್ಕಿನಲ್ಲಿ ಹೇಗಿದ್ದೀಯ ಎಂದರೆ ಪರವಾಗಿಲ್ಲ ಎನ್ನಬೇಕು, ಬೇರೆ ಉತ್ತರವಿಲ್ಲ. ಲೈಲ್‌ನ ಅಪ್ಪ ಜೋಳ ಕೀಳುವ ಯಂತ್ರಕ್ಕೆ ಕೈ ಕೊಟ್ಟು, ಮೊಣಕೈಯಿಂದ ಕೆಳಗೆ ಏನೂ ಉಳಿಯದಿದ್ದಾಗಲೂ ಆಸ್ಪತ್ರೆಯ ದಾರಿಯಲ್ಲಿ “ಪರವಾಗಿಲ್ಲ, ಎಡಗೈ ತಾನೇ” ಎಂದಿದ್ದ.

“ಬೆಳಗ್ಗೆ ಏಳುವಾಗ್ಲೇ ಸುಸ್ತಾಗಿರ್ತೀನಿ” ಎಂದ ಸೆಲ್ಮರ್. “ನೀವು ಯಾರೂ ಕೆಟ್ಟವರಲ್ಲ. ರಸ್ತೇನೂ ಕೆಟ್ಟದ್ದಲ್ಲ. ನಂಗೆ ಸಾಕಾಗಿದೆ. ಮನೇಗೆ ಹೋಗ್ಬೇಕು, ಅಷ್ಟೇ.”

ಹೇಳಿ ಕುಳಿತ. ಆರ್ಡಿಸ್‌ಳ ಕೈಯಲ್ಲಿದ್ದ ಲೋಟ ತುಂಬಿ ಹರಿಯುತ್ತಿತ್ತು. ಅವಳು ನಿಧಾನವಾಗಿ ನಲ್ಲಿ ತಿರುಗಿಸಿದಳು.

ಆಮೇಲೆ ಸಭೆ ಸಾವಿನಮನೆಯಂತೆ ನಡೆಯಿತು. ಲೈಲ್ ಒಡೆದ ದನಿಯಲ್ಲಿ, ಇನ್ನೊಂದು ಚೀಟಿಯಲ್ಲಿ ಹೆಸರಿದ್ದವರು ಈ ಜಾಗಕ್ಕೆ ಬರಲು ಒಪ್ಪುತ್ತಾರೆಯೇ ಎಂದು ಕೇಳಿದ. “ಹೂಂ, ಮಾಡ್ತೀನಿ” ಎಂದಳು ರೊಸಾಲ್ಬಾ, ಮೊದಲ ಸಲಕ್ಕೇ. ಬೇರೆ ದಿನವಾಗಿದ್ದರೆ ಇದು ಒಂದು ವರ್ಷದ ಮಾತಾಗುತ್ತಿತ್ತು. ಅಂದು ಯಾರೂ ಗಮನಿಸಲಿಲ್ಲ. ಎಲ್ಲರೂ ಸೆಲ್ಮರ್‌ನ ಕುತ್ತಿಗೆ ಎಷ್ಟು ಸಣ್ಣಗಾಗಿದೆ ಎಂದು ನೋಡುತ್ತಿದ್ದರು.

ಮರುದಿನ ಬೆಳಗ್ಗೆ ಮೊದಲ ಹಾಟ್‌ಡಿಶ್ ಬಂತು. ಮಾಂಸ, ಅಣಬೆಯ ಸೂಪು, ಮೇಲೆ ಗರಿಗರಿ ಆಲೂಗಡ್ಡೆ ಹೊದೆಸಿ ಬೇಯಿಸಿದ ಅಗಲ ಪಾತ್ರೆ, ತಳದಲ್ಲಿ ಕೊಟ್ಟವರ ಹೆಸರಿನ ಚೀಟಿ. ಮಧ್ಯಾಹ್ನದೊಳಗೆ ಇನ್ನೂ ಕೆಲವು ಬಂದವು. ಹೆರಿಗೆಯಾದ ಮನೆಗೆ ಒಂದೆರಡು ಒಯ್ಯುತ್ತಾರೆ. ಇಷ್ಟೊಂದು ಬರುವುದು ಯಾವಾಗ ಎಂಬುದು ಆರ್ಡಿಸ್‌ಗೆ ತಿಳಿಯದ್ದೇನಲ್ಲ.

“ನಿಂಗೆ ಕ್ಯಾನ್ಸರ್ ಅಂತೆ” ಎಂದಳು, ಫ್ರೀಜರಿನಲ್ಲಿ ಜಾಗ ಮಾಡುತ್ತ.

“ಎಲ್ಲಿ?”

“ಅದು ಇನ್ನೂ ತೀರ್ಮಾನ ಆಗಿಲ್ಲ. ಮಾರ್ಲಿಸ್ ಹೊಟ್ಟೆ ಅಂತಾಳೆ.”

ಸೆಲ್ಮರ್ ಬಂದವರಿಗೆಲ್ಲ ನನಗೇನೂ ಆಗಿಲ್ಲ ಎಂದು ಹೇಳಿದ. “ಹೌದು ಹೌದು, ಏನೂ ಆಗಿಲ್ಲ” ಎಂದು ಅವರು ಅವನ ತೋಳು ಹಿಚುಕಿ ಕಣ್ಣೊರೆಸಿಕೊಂಡು ಹೋದರು. ರಸ್ತೆಯಲ್ಲಿ ಎದುರು ಬರುವವರು ಸ್ಟಿಯರಿಂಗಿನ ಮೇಲಿನಿಂದ ಒಂದು ಬೆರಳು ಎತ್ತುವುದು ವಾಡಿಕೆ. ಈಗ ಇಡೀ ಕೈ ಎತ್ತುತ್ತಿದ್ದರು. ಪಾದ್ರಿ ಹೊಸ ಕನ್ನಡಕ ಹಾಕಿಕೊಂಡು ಬಂದು, ಶವಸಂಸ್ಕಾರದ ಮಾತೆತ್ತದೆ, ಚರ್ಚಿನ ಯಾವ ಹಾಡುಗಳು ಇಷ್ಟ ಎಂದು ಸುಮ್ಮನೆ, ಮಾತಿಗೆ ಎಂಬಂತೆ ಕೇಳಿದ. ಕಾಯಿಲೆಯಿಲ್ಲ ಎಂದು ನಂಬಿದವಳು ರೊಸಾಲ್ಬಾ ಒಬ್ಬಳೇ. ಟೌನ್ ಹಾಲಿನ ಕೀಲಿಕೈಗೆ ಬಂದವಳು, “ಸುಸ್ತು ಅಂದ್ರಲ್ಲ, ಮಲಗಿ” ಎಂದು ಕೀಲಿಕೈ ತೆಗೆದುಕೊಂಡು ಹೋದಳು.

ವಾರ ಕಳೆದ ಮೇಲೆ ಲೈಲ್ ಬಂದ. ಬಾಗಿಲಿನಲ್ಲೇ ಟೋಪಿ ತೆಗೆದ. ಕಾಫಿ ಬೇಕೇ ಎಂದರೆ ಬೇಡ ಎನ್ನುವುದನ್ನೂ ಮರೆತ.

“ನಿನ್ನ ರಸ್ತೆಗಳು ಚೆನ್ನಾಗಿದ್ವು ಕಣೋ” ಎಂದ.

ಈ ಮಾತಿಗೆ ಸೆಲ್ಮರ್ ಇಪ್ಪತ್ತಾರು ವರ್ಷ ಕಾದಿದ್ದ. ಬಂದಾಗ ಅದು ‘ಇದ್ವು’ ಎಂದು ಬಂತು.

“ಲೈಲ್, ನಾನು ಸಾಯ್ತಿಲ್ಲ.”

“ಸಾಯ್ತೀಯ ಅಂತ ಯಾರಂದ್ರು?” ಲೈಲ್ ಕೈಯಲ್ಲಿದ್ದ ಟೋಪಿಯನ್ನು ತಿರುಗಿಸಿದ. “ಒಂದು ವಿಷಯ ಹೇಳ್ಬೇಕು. ಆ ವರ್ಷ, ನೀನು ಕೌಂಟಿಗೆ ನಿಂತಿದ್ಯಲ್ಲ. ನಾನು ಹರಾಜಿನವನಿಗೆ ಓಟು ಹಾಕಿದ್ದೆ.”

“ಹಾಕಿದ್ಯಾ?”

“ಹಾಕಿದ್ದೆ. ನೀನು ಗೆದ್ರೆ ನಮ್ಮನ್ನ ಬಿಟ್ಟುಹೋಗ್ತೀಯ ಅನ್ನಿಸ್ತು. ಇಲ್ಲಿ ನಾನೊಬ್ನೇ ಆಗ್ತಿದ್ದೆ.”

ಸೆಲ್ಮರ್‌ಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಅದಕ್ಕೂ ಎದ್ದು ಎಲ್ಲಿಂದಲೋ ತರಬೇಕಾಗಿತ್ತು. “ಪರವಾಗಿಲ್ಲ” ಎಂದ. ಲೈಲ್ ಮೊಣಕಾಲು ತಟ್ಟಿಕೊಂಡ, ಒಂದೇ ಸಲ, ಎದ್ದು ಹೋದ.

ಸಂಜೆ ಆರ್ಡಿಸ್ ಯಾರದೋ ಮನೆಯ ಹಾಟ್‌ಡಿಶ್ಶನ್ನು ಬಿಸಿಮಾಡಿ ತಂದಿಟ್ಟಳು. ಇಬ್ಬರೂ ಕುಳಿತರು. ಗೋಡೆಯ ಫೋನು ಸುಮ್ಮನಿತ್ತು. ಸಾಯುತ್ತಿರುವ ಮನುಷ್ಯನಿಗೆ ಸ್ಕಂಕಿನ ವಿಷಯ ಹೇಳುವಷ್ಟು ಕಟುಕರು ಟೋರ್‌ವಿಕ್ಕಿನಲ್ಲಿ ಇರಲಿಲ್ಲ. ಅವನು ಅರ್ಧ ಊಟದಲ್ಲಿ ಎರಡು ಸಲ ಕತ್ತೆತ್ತಿ ಅದರ ಕಡೆ ನೋಡಿದ. ಆರ್ಡಿಸ್ ಅದನ್ನು ನೋಡಿದಳು.

“ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಹೇಳ್ಬಿಡ್ತೀನಿ” ಎಂದ. “ಡಾಕ್ಟರ ಹತ್ರ ಹೋಗಿ ಬಂದೆ, ಚೆನ್ನಾಗಿದೀನಿ ಅಂತ. ಹೀಗೆ ಜನರನ್ನ ಅಳಿಸೋದು ಸರಿಯಲ್ಲ.”

“ಹೇಳು” ಎಂದಳು ಆರ್ಡಿಸ್. “ಬಿತ್ತನೆ ಮುಗಿದ ಮೇಲೆ ಹೇಳು.”

“ಅಲ್ಲೀವರೆಗೂ ಸುಳ್ಳೇ?”

“ಸುಳ್ಳು ಯಾರು ಹೇಳಿದ್ರು? ನೀನು ಸುಸ್ತು ಅಂದೆ. ನಿಜ ತಾನೇ?”

ನಿಜವೇ. ಹೊರಗೆ ಹಿಮ ಕರಗಲು ಶುರುವಾಗಿತ್ತು. ಮೋರಿಗಳಲ್ಲಿ ನೀರು ಓಡುವ ಕಾಲ. ಯಾವ ಮೋರಿ ಮೊದಲು ಕಟ್ಟಿಕೊಳ್ಳುತ್ತದೆ ಎಂದು ಅವನಿಗೆ ಗೊತ್ತಿತ್ತು, ಅದನ್ನು ರೊಸಾಲ್ಬಾಳಿಗೆ ಹೇಳಬೇಕೆಂದೂ ಅನ್ನಿಸಿತು. ನಾಳೆ ಹೇಳಿದರಾಯಿತು. ಭಾನುವಾರದ ಮಾತನ್ನೂ ಇನ್ನೊಮ್ಮೆ ಮನಸ್ಸಿನಲ್ಲೇ ಆಡಿ ನೋಡಿದ: ತಾನು ಚೆನ್ನಾಗಿದ್ದೇನೆ ಎನ್ನುವುದು, ಅವರು ಹೌದು ಹೌದು ಎನ್ನುವುದು, ತಾನು ಮತ್ತೆ ಹೇಳುವುದು, ಅವರು ಮತ್ತೆ ಕಣ್ಣೊರೆಸಿಕೊಳ್ಳುವುದು. ಬದುಕಿದ್ದೇನೆ ಎಂದು ಅಷ್ಟು ಜನರನ್ನು ನಂಬಿಸುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಕುಳಿತಲ್ಲೇ ಬೂಟು ಕಳಚಿ, ಕಾಲು ಚಾಚಿಕೊಂಡು, ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.